ಆಯುಧಪೂಜೆಯ ದಿನ ಒದ್ದ ಎಂಜಿನ್

ನಮ್ಮ ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಒಗ್ಗರಣೆಗಿಂತ ಸೀಮೆಎಣ್ಣೆಯ ವಾಸನೆಯೇ ಜೋರಾಗಿದ್ದ ದಿನಗಳವು. ನನಗಾಗ ಹನ್ನೊಂದು ವರ್ಷ. ಓರಗೆಯ ಮಕ್ಕಳಿಗೆಲ್ಲ ದಸರಾ ರಜೆ ಅಂದರೆ ಅಜ್ಜಿ ಮನೆ. ನನಗೆ ದಸರಾ ರಜೆ ಅಂದರೆ ಒಂದು ಅಗಲವಾದ ತಗಡಿನ ತಟ್ಟೆ, ಅದರ ತುಂಬ ಸೀಮೆಎಣ್ಣೆ, ಅದರಲ್ಲಿ ಮುಳುಗಿದ ನಟ್ಟು ಬೋಲ್ಟುಗಳು, ಕೈಯಲ್ಲೊಂದು ಹಳೇ ಹಲ್ಲುಜ್ಜುವ ಬ್ರಷ್ಷು. ಅಮ್ಮ ಎಷ್ಟು ತಿಕ್ಕಿದರೂ ನನ್ನ ಉಗುರು ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ನಾನು ಬೇಕೆಂದೇ ಇನ್ನೂ ಹತ್ತಿರ ಸರಿದು ಕೂರುತ್ತಿದ್ದೆ. ಅಷ್ಟು ಜಂಬ ನನಗೆ.

ಜಂಬಕ್ಕೆ ಕಾರಣ ನಮ್ಮಪ್ಪ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಲೋಹ ಕಡೆಯುವ ಲೇತ್ ಓಡಿಸಿದ್ದವನು, ಅದು ಬಾಗಿಲು ಹಾಕಿದ ಮೇಲೆ ಮನೆಯ ಮುಂದಿನ ಜಾಗಕ್ಕೆ ಶೀಟು ಹೊದಿಸಿ ಗ್ಯಾರೇಜು ಮಾಡಿಕೊಂಡಿದ್ದ. ಹೊಟ್ಟೆಪಾಡಿಗೆ ಬೀದಿಯವರ ಸ್ಕೂಟರು, ಮೊಪೆಡ್ಡು. ಆದರೆ ಅವನ ಜೀವವೆಲ್ಲ ಇದ್ದದ್ದು ಯಾವುದೋ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದಿದ್ದ ಹಳೇ ಮೋಟಾರ್ ಸೈಕಲ್ಲುಗಳ ಮೇಲೆ. ಅವುಗಳ ನಟ್ಟಿಗೆ ನಮ್ಮ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ. ಅವುಗಳದ್ದೇ ಬೇರೆ ಇಂಚಿನ ಲೆಕ್ಕ. ಬಲವಂತ ಮಾಡಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗಿಬಿಡುತ್ತವೆ. ಅಪ್ಪ ಗುಜರಿಗಳಲ್ಲಿ ಹುಡುಕಿ ಹುಡುಕಿ ಆ ಲೆಕ್ಕದ ಹದಿನಾಲ್ಕು ಸ್ಪ್ಯಾನರ್ ಕೂಡಿಹಾಕಿದ್ದ. "ಪುಟ್ಟಿ, ಮೂರು ಬೈ ಎಂಟು ಕೊಡೇ" ಅಂದರೆ ನಾನು ನೋಡದೆಯೇ ತೆಗೆದುಕೊಡುತ್ತಿದ್ದೆ. ಸ್ಕೂಲಿನಲ್ಲಿ ಭಿನ್ನರಾಶಿ ಬಂದಾಗ ಇಡೀ ಕ್ಲಾಸು ಬೆವರಿದರೆ ನನಗೆ ನಗು ಬರುತ್ತಿತ್ತು.

ಆ ವರ್ಷ ಆರ್‌ಪಿಸಿ ಲೇಔಟಿನ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು ತಮ್ಮ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಒಂದೇ ಸಿಲಿಂಡರಿನ, ಐನೂರು ಸಿಸಿಯ ಇಂಗ್ಲಿಷ್ ಗಾಡಿ. ಹನ್ನೊಂದು ವರ್ಷ ಗೋಣಿತಾಟಿನ ಕೆಳಗೆ ಬಿದ್ದಿದ್ದು, ಪಿಸ್ಟನ್ ಕಚ್ಚಿಕೊಂಡಿತ್ತು, ಟ್ಯಾಂಕಿನೊಳಗೆ ಇಲಿ ಗೂಡು ಕಟ್ಟಿತ್ತು. "ಆಯುಧಪೂಜೆ ದಿನ ಇದರ ಸದ್ದು ಒಂದ್ಸಲ ಕೇಳ್ಬೇಕಪ್ಪ. ಆಗ್ಲಿಲ್ಲ ಅಂದ್ರೆ ಅಳಿಯ ಗುಜರಿಗೆ ಹಾಕ್ತೀನಿ ಅಂತಿದಾನೆ" ಅಂದರು. ಅಪ್ಪ ಕೂಡಲೇ ಒಪ್ಪಿಕೊಂಡ. ಇಂಥ ಗಾಡಿಗಳ ಕಿಡಿ ಹೊಂದಿಸುವಂಥ ರಿಪೇರಿ ಎಷ್ಟೋ ಮಾಡಿದ್ದರೂ, ಅವನು ತಾನೊಬ್ಬನೇ ನಿಂತು, ಪೂರ್ತಿ ಬಿಚ್ಚಿ ಕಟ್ಟುವ ಮೊದಲ ಇಂಗ್ಲಿಷ್ ಎಂಜಿನ್ ಅದು.

ಅಮ್ಮನಿಗೆ ಇದು ಅಷ್ಟು ಹಿಡಿಸಲಿಲ್ಲ. ಅವಳ ತಮ್ಮ ಶಿವು ಮಾವ ವಿಜಯನಗರದ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಅಪ್ಪನಿಗೆ ಕೆಲಸ ಮಾತಾಡಿ ಇಟ್ಟಿದ್ದ. "ಭಾವ, ನೆರಳಲ್ಲಿ ಕೂತ್ಕೊಂಡು ಬಿಲ್ ಹಾಕೋ ಕೆಲಸ. ಈ ಗ್ರೀಸು, ಮಸಿ ಎಲ್ಲಾ ಯಾಕೆ ಬೇಕು ನಿಮಗೆ?" ಅನ್ನುತ್ತಿದ್ದ. ಕೊನೆಗೆ ಅಪ್ಪ ಒಂದು ಮಾತಿಗೆ ಬಂದ. "ಆಯುಧಪೂಜೆವರೆಗೆ ಬಿಡು ಶಿವು. ಈ ಎಂಜಿನ್ ಓಡಿದ್ರೆ ಗ್ಯಾರೇಜು ಇರುತ್ತೆ. ಓಡ್ಲಿಲ್ವಾ, ವಿಜಯದಶಮಿ ದಿನ ನಾನೇ ಬಂದು ಆ ಅಂಗಡಿಗೆ ಸೇರ್ಕೋತೀನಿ."

ಬಾಗಿಲ ಹಿಂದೆ ನಿಂತು ನಾನು ಆ ಮಾತು ಕೇಳಿದೆ. ಬಿಲ್ ಹಾಕುವ ಅಪ್ಪನನ್ನು ನನ್ನಿಂದ ನೆನೆಸಿಕೊಳ್ಳಲು ಆಗುತ್ತಿರಲಿಲ್ಲ.

ಮೂರು ತಿಂಗಳು ಆ ಎಂಜಿನ್ ನಮ್ಮ ಮನೆಯ ಸದಸ್ಯನಾಗಿತ್ತು. ಕಚ್ಚಿಕೊಂಡ ಪಿಸ್ಟನ್ನಿಗೆ ಅಪ್ಪ ವಾರಗಟ್ಟಲೆ ಎಣ್ಣೆ ಕುಡಿಸಿದ. ಸಿಗದ ಬುಷ್ಷುಗಳನ್ನು ಹಳೇ ಗೆಳೆಯನ ಲೇತಿನಲ್ಲಿ ತಾನೇ ಕಡೆದು ತಂದ. ವಾಲ್ವ್ ಉಜ್ಜುವ ಕೆಲಸ ನನ್ನದು. ತುದಿಗೆ ವಾಲ್ವ್ ಅಂಟಿಸಿದ ಕಡ್ಡಿಯನ್ನು ಅಂಗೈಗಳ ನಡುವೆ ಇಟ್ಟುಕೊಂಡು ಆಚೆ ಈಚೆ ತಿರುಗಿಸುತ್ತ ಪೇಸ್ಟ್ ಹಚ್ಚಿ ಉಜ್ಜಬೇಕು. ಆಮೇಲೆ ಮೇಲಿಂದ ಸೀಮೆಎಣ್ಣೆ ಹೊಯ್ದರೆ ಒಂದು ತೊಟ್ಟೂ ಸೋರಬಾರದು. ನಾಲ್ಕು ಸಲ ಸೋರಿತು, ಐದನೇ ಸಲ ನಿಂತಿತು. ಅಪ್ಪ ಎರಡು ರೂಪಾಯಿಯ ಜೇನುಮಿಠಾಯಿ ತಂದುಕೊಟ್ಟ. ಹಳೇ ಬೇರಿಂಗಿನಿಂದ ಉದುರಿದ ಉಕ್ಕಿನ ಗುಂಡುಗಳೂ ನನ್ನ ಪಾಲಿಗೆ ಬಂದವು. ಅವನ್ನಿಟ್ಟುಕೊಂಡು ಗೋಲಿಯಾಟದಲ್ಲಿ ಬೀದಿಯ ಹುಡುಗರನ್ನೆಲ್ಲ ಬರಿಗೈ ಮಾಡಿದೆ.

ಕೊನೆಗೆ ಉಳಿದದ್ದು ಮ್ಯಾಗ್ನೆಟೋ. ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಪೆಟ್ಟಿಗೆ ಅದು. ಮೇಷ್ಟ್ರ ಗಾಡಿಯದು ಸುಟ್ಟುಹೋಗಿತ್ತು. ಅಪ್ಪ ಶಿವಾಜಿನಗರದ ಗುಜರಿಯಿಂದ ಬೇರೆ ಯಾವುದೋ ಇಂಗ್ಲಿಷ್ ಗಾಡಿಯ ಮ್ಯಾಗ್ನೆಟೋ ತಂದು ಕೂರಿಸಿದ. ಇಂಥ ಗಾಡಿಗಳ ಹ್ಯಾಂಡಲ್ಲಿನಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ. ಅದರ ವೈರು ಮ್ಯಾಗ್ನೆಟೋ ಒಳಗಿನ ಒಂದು ಉಂಗುರವನ್ನು ತಿರುಗಿಸಿ, ಕಿಡಿ ಬೇಗ ಬರಬೇಕೋ ತಡವಾಗಿ ಬರಬೇಕೋ ಎಂದು ತೀರ್ಮಾನಿಸುತ್ತದೆ. ಒಳಗೆ ಸುತ್ತುವ ಪಾಯಿಂಟು ಎಂಬ ಜೋಡಿ ತುದಿಗಳು ಆ ಉಂಗುರದ ಉಬ್ಬಿಗೆ ತಾಗಿ ಬಿಚ್ಚಿಕೊಂಡಾಗಲೇ ಕಿಡಿ. ಕಿಕ್ ಹೊಡೆಯುವಾಗ ತಡವಾಗಿ ಬರಬೇಕು. ಬೇಗ ಬಂದರೆ ಎಂಜಿನ್ ಹಿಂದಕ್ಕೆ ತಿರುಗಿ, ಕಿಕ್ಕರ್ ಕಾಲಿಗೆ ಒದೆಯುತ್ತದೆ. ಕಿಡಿಯ ಹೊತ್ತನ್ನು ಹೊಂದಿಸುವಾಗ ಮಾತ್ರ ಲಿವರ್ ಬೇಗದ ಕಡೆಗಿರಬೇಕು.

"ಲಿವರ್ ಪೂರ್ತಿ ಎಳೆದು ಹಿಡ್ಕೊ. ಎಳೆದ್ರೆ ಬೇಗ, ಬಿಟ್ರೆ ತಡ" ಅಂದ ಅಪ್ಪ. ನಾನು ಎಡಗೈಯಲ್ಲಿ ಲಿವರ್ ಎಳೆದು ಹಿಡಿದು, ಬಲಗೈಯಲ್ಲಿ ಕಿಡಿಯ ಪಾಯಿಂಟುಗಳ ನಡುವೆ ಗಾಳಿಪಟದ ಕಾಗದದ ಒಂದು ಚೂರನ್ನು ಸಿಕ್ಕಿಸಿಕೊಂಡೆ. ಅಪ್ಪ ಪಿಸ್ಟನ್ನನ್ನು ಕಿಡಿ ಬರಬೇಕಾದ ಜಾಗದಲ್ಲಿ ನಿಲ್ಲಿಸಿ, ಮ್ಯಾಗ್ನೆಟೋದ ಅಚ್ಚನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ. ಪಾಯಿಂಟು ಬಿಚ್ಚಿದ ಕ್ಷಣ ಕಾಗದ ಸಡಿಲವಾಗಿ ಕೈಗೆ ಬಂತು. "ಬಂತಪ್ಪ!" ಅಂದೆ. ಅಲ್ಲಿಗೆ ಬಿಗಿ ಮಾಡಿದ.

ಆಯುಧಪೂಜೆಯ ಬೆಳಿಗ್ಗೆ ಹದಿನಾಲ್ಕೂ ಸ್ಪ್ಯಾನರುಗಳನ್ನು ತೊಳೆದು ಮಣೆಯ ಮೇಲೆ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹೂವು ಹಾಕಿದೆವು. ಗಾಡಿಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದದ್ದಾಯಿತು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದಿದ್ದರು. ಶಿವು ಮಾವನೂ ಬಂದಿದ್ದ. ಬೀದಿಯ ಜನ ಒಂದಿಪ್ಪತ್ತು ಮಂದಿ ಅಂಗೈ ತುಂಬ ಕಡಲೆಪುರಿ ಹಿಡಿದು ನಿಂತಿದ್ದರು. ಅಪ್ಪ ಲಿವರನ್ನು ಬಿಟ್ಟು, ದೇವರಿಗೆ ಕೈಮುಗಿದು, ಕಿಕ್ ಹೊಡೆದ.

ಢಬ್ ಎಂದು ಒಂದು ಸದ್ದು. ಕಿಕ್ಕರ್ ವಾಪಸ್ಸು ಹಾರಿ ಅಪ್ಪನ ಪಾದಕ್ಕೆ ಬಡಿಯಿತು. ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಹೊಡೆದ. ಈ ಸಲ ಒದ್ದ ಒದೆತಕ್ಕೆ ಅಪ್ಪ ಮಾರುದೂರ ಹೋಗಿ ಬಿದ್ದ.

ಶಿವು ಮಾವ ಅಪ್ಪನನ್ನು ಎಬ್ಬಿಸುತ್ತ, "ಸ್ಪ್ಯಾನರ್ ತಗೊಂಡು ಏನಿದೆ ನೋಡಿ ಭಾವ" ಅಂದ.

"ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಲ್ಲ" ಅಂದ ಅಪ್ಪ.

"ನಾಳೆ ಅಂದ್ರೆ ನೀವು ಅಂಗಡಿಗೆ ಸೇರ್ಬೇಕಾದ ದಿನ. ಮಾತು ನಿಮ್ದೇ."

ಅಪ್ಪ ತಲೆ ಅಲ್ಲಾಡಿಸಿ, ಕುಂಟುತ್ತ ಒಳಗೆ ಹೋದ. ಅಮ್ಮ ಹಿಂದೆಯೇ ಓಡಿದಳು. ಮೇಷ್ಟ್ರು ಗಾಡಿಯ ಸೀಟಿನ ಮೇಲೆ ಕೈಯಿಟ್ಟು ನಿಂತರು.

ನನಗೆ ಅಳು ಬರುವುದರಲ್ಲಿತ್ತು. ಅಳುವುದನ್ನು ಯಾರೂ ನೋಡದಿರಲಿ ಎಂದು ಗಾಡಿಯ ಆಚೆ ಮಗ್ಗುಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಮ್ಯಾಗ್ನೆಟೋ ಮುಚ್ಚಳಕ್ಕೆ ಸ್ಪ್ಯಾನರ್ ಬೇಡ, ಒಂದು ಸ್ಪ್ರಿಂಗ್ ಪಟ್ಟಿ ಸರಿಸಿದರೆ ಬಂದುಬಿಡುತ್ತದೆ. ತೆಗೆದೆ. ಎದ್ದು ಲಿವರ್ ಎಳೆದೆ, ಬಗ್ಗಿ ನೋಡಿದೆ. ಬಿಟ್ಟೆ, ಮತ್ತೆ ನೋಡಿದೆ. ಪಾಯಿಂಟು ಯಾವ ಕಡೆ ತಿರುಗುತ್ತದೆಂದು ನನಗೆ ಗೊತ್ತಿತ್ತು. ಲಿವರ್ ಎಳೆದರೆ ಉಂಗುರವೂ ಅದೇ ಕಡೆ ಸರಿಯುತ್ತಿತ್ತು. ಬರುತ್ತಿರುವ ಬಸ್ಸಿಗೆ ಎದುರಾಗಿ ನಡೆದರೆ ಬೇಗ ಸಿಗುತ್ತದೆ. ಅದು ಹೋಗುವ ಕಡೆಗೇ ನಾವೂ ನಡೆದರೆ ತಡವಾಗಿ ಸಿಗುತ್ತದೆ. ಇಲ್ಲಿ ಪಾಯಿಂಟೇ ಬಸ್ಸು, ಉಂಗುರವೇ ನಾವು. ಅಂದರೆ ಈ ಮ್ಯಾಗ್ನೆಟೋದಲ್ಲಿ ಎಳೆದರೆ ತಡ, ಬಿಟ್ಟರೆ ಬೇಗ. ನಾವು ಎಳೆದು ಹೊಂದಿಸಿದ್ದರಿಂದ ಬಿಟ್ಟಾಗ ಕಿಡಿ ವಿಪರೀತ ಬೇಗ ಬರುತ್ತಿತ್ತು. ಬೇರೆ ಗಾಡಿಯದು, ಅದರ ಪದ್ಧತಿಯೇ ತಿರುಗಾಮುರುಗಾ. ಅಪ್ಪ ಕಣ್ಣುಮುಚ್ಚಿ ಮಾಡುವ ಕೆಲಸದಲ್ಲೇ ಎಡವಿದ್ದ.

ಒಳಗೆ ಅಮ್ಮ ಬಿಸಿ ಉಪ್ಪಿನ ಗಂಟಿನಿಂದ ಅಪ್ಪನ ಪಾದಕ್ಕೆ ಶಾಖ ಕೊಡುತ್ತಿದ್ದಳು. ನಾನು ಅವನ ಕಿವಿಯಲ್ಲಿ ಎಲ್ಲವನ್ನೂ ಹೇಳಿ, "ಯಾರಿಗೂ ಹೇಳ್ಬೇಡಪ್ಪ. ಲಿವರ್ ಎಳೆದು ಕಿಕ್ ಹೊಡಿ ಸಾಕು, ಯಾರಿಗೂ ಗೊತ್ತಾಗಲ್ಲ" ಅಂದೆ. ಇಪ್ಪತ್ತು ಜನರ ಮುಂದೆ ಅಪ್ಪ ಸಣ್ಣವನಾಗುವುದು ನನಗೆ ಬೇಕಿರಲಿಲ್ಲ.

ಅಪ್ಪ ಎದ್ದು ಬಂದ. ಮ್ಯಾಗ್ನೆಟೋ ಮುಂದೆ ಬಗ್ಗಿ, ನನ್ನಿಂದ ಲಿವರ್ ಎಳೆಸಿ, ಬಿಡಿಸಿ, ಉಂಗುರವನ್ನೇ ನೋಡಿದ. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, ಊಟಕ್ಕೆ ಕರೆಯುವಷ್ಟೇ ಸಲೀಸಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಮೇಷ್ಟ್ರೇ, ತಪ್ಪು ನಂದು. ಗಾಡೀದಲ್ಲ. ಮ್ಯಾಗ್ನೆಟೋ ನೋಡ್ದೆ ಹಳೇ ಅಭ್ಯಾಸದಲ್ಲಿ ಉಲ್ಟಾ ಹೊಂದಿಸಿದೀನಿ. ಕಂಡುಹಿಡಿದಿದ್ದು ನನ್ನ ಮಗಳು."

ಎಲ್ಲಿ ನೋಡಬೇಕೋ ತಿಳಿಯದೆ ಲಿವರನ್ನೇ ನೋಡುತ್ತ ನಿಂತೆ.

"ಶಿವು, ನನ್ನ ಕಾಲು ಆಗಲ್ಲ. ನೀನು ಹೊಡಿ" ಅಂದ ಅಪ್ಪ.

"ಅಯ್ಯೋ, ನಾನಾ? ನನ್ನನ್ನೂ ಕೆಡವುತ್ತೆ ಭಾವ ಇದು!"

"ಪುಟ್ಟಿ ಲಿವರ್ ಎಳೆದು ಹಿಡ್ಕೋತಾಳೆ. ಎಳೆದ್ರೂ ಕಿಡಿ ಸ್ವಲ್ಪ ಬೇಗಾನೇ ಬರುತ್ತೆ, ಅದಕ್ಕೇ ಅರ್ಧಂಬರ್ಧ ಹೊಡೀಬೇಡ, ಪೂರ್ತಿ ಇಳಿಸು."

ಶಿವು ಮಾವ ನನ್ನ ಮುಖ ನೋಡಿದ. "ಗಟ್ಟಿ ಹಿಡ್ಕೋತೀಯೇನೇ?" ಅಂದ. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಒಳ್ಳೇ ಬಾವಿಗೆ ಹಾರುವವನ ಹಾಗೆ ಕಣ್ಣುಮುಚ್ಚಿಕೊಂಡು ಕಿಕ್ ಇಳಿಸಿದ. ಎಂಜಿನ್ ಒಮ್ಮೆ ಕೆಮ್ಮಿತು. ಎರಡನೇ ಸಲಕ್ಕೆ ಹಿಡಿಯಿತು. ಡುಗು ಡುಗು ಡುಗು ಎಂದು ನಮ್ಮ ತಗಡಿನ ಶೀಟುಗಳೆಲ್ಲ ನಡುಗಿದವು, ಬಾಳೆ ಎಲೆಗಳು ನಡುಗಿದವು, ಹಿಂದಿನಿಂದ ನೀಲಿ ಹೊಗೆ ಬೀದಿಗೆ ನುಗ್ಗಿತು. ಮೇಷ್ಟ್ರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಶಿವು ಮಾವನಂತೂ ಇಡೀ ಎಂಜಿನ್ ತಾನೇ ಕಟ್ಟಿದವನ ಹಾಗೆ ಎದೆಯುಬ್ಬಿಸಿ ಎಲ್ಲರಿಗೂ ವಿವರಣೆ ಕೊಡತೊಡಗಿದ. ವಿಜಯನಗರದ ಅಂಗಡಿಯ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಮಾರನೇ ದಿನ ಸ್ಪ್ಯಾನರುಗಳನ್ನು ಪೂಜೆಯಿಂದ ಎತ್ತಿಕೊಂಡು ಕಿಡಿಯನ್ನು ಸರಿಯಾಗಿ ಹೊಂದಿಸಿದೆವು. ಆ ವಾರವೇ ಇನ್ನೆರಡು ಇಂಗ್ಲಿಷ್ ಗಾಡಿಗಳು ಹುಡುಕಿಕೊಂಡು ಬಂದವು. ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್ ಸಿಗುವುದು ಅಪರೂಪ, ಅದಕ್ಕೇ ಬಂದೆ ಎಂದು ಒಬ್ಬರು ಹೇಳಿಯೂಬಿಟ್ಟರು.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಗ್ಯಾರೇಜು ಈಗ ಹೇರೋಹಳ್ಳಿಯಲ್ಲಿದೆ. ಅಲ್ಲಿನ ರಸ್ತೆಯ ಗುಂಡಿಗಳಲ್ಲಿ ಒಂದು ಸುತ್ತು ಹೊಡೆದು ಬಂದ ಗಾಡಿ ಲೋಕದಲ್ಲಿ ಎಲ್ಲಿ ಬೇಕಾದರೂ ಓಡುತ್ತದೆ ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತೇನೆ. ಎಂಜಿನ್ ಬಿಚ್ಚಿ ಕಟ್ಟುವವಳು ನಾನೇ. ಬೇರೆ ರಾಜ್ಯಗಳಿಂದಲೂ ಗಾಡಿಗಳು ಬರುತ್ತವೆ. ಗಾಳಿಪಟದ ಕಾಗದದ ಜಾಗಕ್ಕೆ ಮಿಣುಕುವ ಮೀಟರು ಬಂದಿದೆ. ಸದ್ದು ಕೇಳಲು ಬೀದಿಯ ಜನ ಈಗ ಸೇರುವುದಿಲ್ಲ, ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಮೊನ್ನೆ ಒಬ್ಬರ ಎಂಜಿನ್ ಕಟ್ಟುವಾಗ ಆಯಿಲ್ ಪಂಪಿನ ಒಂದು ವಾಷರ್ ಹಾಕುವುದನ್ನು ನಾನು ಮರೆತೆ. ಅವರು ದಾರಿಯುದ್ದಕ್ಕೂ ಆಯಿಲ್ ಸೋರಿಸಿಕೊಂಡು ವಾಪಸ್ಸು ಬಂದರು. ಗ್ಯಾರೇಜಿನಲ್ಲಿ ಇನ್ನೂ ಮೂವರು ಗಿರಾಕಿಗಳು ಇದ್ದರು. "ಪಾರ್ಟ್ಸ್ ಸರಿ ಬಂದಿಲ್ಲ ಸಾರ್, ಬದಲಾಯಿಸಿಕೊಡ್ತೀನಿ" ಅಂದುಬಿಟ್ಟೆ. ಅವರು ನಂಬಿದರು. ಧನ್ಯವಾದವನ್ನೂ ಹೇಳಿ ಹೋದರು. ಆಮೇಲೆ ಯಾವ ನಟ್ಟು ಮುಟ್ಟಿದರೂ ನನ್ನ ಕೈಗೆ ಸಮಾಧಾನವಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿಕೊಂಡು ಅವರಿಗೆ ಫೋನ್ ಮಾಡಿದೆ. "ಸಾರ್, ತಪ್ಪು ನಂದು" ಅಂದೆ. "ಪರವಾಗಿಲ್ಲ ಬಿಡಿ ಮೇಡಂ" ಅಂದರು.

ಅಪ್ಪನಿಗೆ ಒಳಗಿನಿಂದ ಕುಂಟುತ್ತ ಬಂದು, ಇಪ್ಪತ್ತು ಜನರ ಮುಂದೆ ಅದೇ ಮಾತನ್ನು ಹೇಳಲು ಐದು ನಿಮಿಷವೂ ಹಿಡಿದಿರಲಿಲ್ಲ. ಒಬ್ಬರಿಗೆ, ಅದೂ ಫೋನಿನಲ್ಲಿ ಹೇಳಲು ನನಗೆ ಎಂಟು ದಿನ ಹಿಡಿಯಿತು.