ಚಪ್ಪಾಳೆ ಹೊಡೆಸಿದ ನಗುವಕ್ಕ

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ನಗುವಕ್ಕ ಅಂತಲೇ ಕರೆಯುತ್ತಿದ್ದರು. ಒಗೆಯುವ ಯಂತ್ರ ಕೆಟ್ಟು ಕಾಲಡಿಯೆಲ್ಲ ನೊರೆ ತುಂಬಿದಾಗಲೂ, "ಬಿಡ್ರೇ, ನೆಲ ತೊಳೆಯೋ ಕೆಲಸ ಉಳೀತು" ಎಂದು ನಗಿಸಿದವಳು. ಅದನ್ನು ಕಂಡೇ ಮ್ಯಾನೇಜರ್ ಅವಳನ್ನು ಸೂಪರ್‌ವೈಸರ್ ಮಾಡಿ, ಬೆಳಗಿನ ಸಭೆಯನ್ನೂ ಅವಳ ತಲೆಗೆ ಕಟ್ಟಿದ. ಸಭೆಯಲ್ಲಿ ಸರದಿ ಬಂದವರು ಒಂದು ಒಳ್ಳೆ ಸುದ್ದಿ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. "ಗೋಳೆಲ್ಲ ಗೇಟಿನಾಚೆ, ಇಲ್ಲಿ ಬರೀ ಪಾಸಿಟಿವ್" ಅನ್ನುವುದು ಅವನ ಮಾತು.

ಇಸ್ತ್ರಿ ಮೇಜಿನವಳು ನಗುವಕ್ಕನ ಜೀವದ ಗೆಳತಿ. ತಾಯಿ ತೀರಿಕೊಂಡು, ರಜೆ ಮುಗಿಸಿ ಅವಳು ಕೆಲಸಕ್ಕೆ ಬಂದ ಬೆಳಗ್ಗೆಯೇ ಸರದಿ ಅವಳದಾಗಿತ್ತು. ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ.

"ಇವತ್ತೊಂದಿನ ನನ್ನ ಬಿಟ್ಬಿಡಕ್ಕಾ" ಎಂದಳು ಮೆಲ್ಲಗೆ.

ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ನಗುವಕ್ಕ ಬಾಗಿಲ ಕಡೆ ಕಣ್ಣು ಹಾಯಿಸಿ, "ಹಾಗಂದ್ರೆ ಹೇಗೇ? ಹುಡುಕಿದ್ರೆ ಏನಾದ್ರೂ ಒಳ್ಳೇದು ಸಿಕ್ಕೇ ಸಿಗತ್ತೆ. ಚಿಕ್ಕದಾದ್ರೂ ಹೇಳು" ಎಂದಳು.

ಗೆಳತಿ ನೆಲ ನೋಡುತ್ತ, "ಅಮ್ಮ... ನರಳದೆ ಹೋದಳು" ಎಂದಳು.

ಮೊದಲ ಚಪ್ಪಾಳೆ ನಗುವಕ್ಕನದೇ. ಎಲ್ಲರೂ ತಟ್ಟಿದರು. ಬಟ್ಟೆ ಗಂಟು ಹೊರುವ ಮುದುಕ ಮಾತ್ರ ಕೈಕಟ್ಟಿಕೊಂಡು ನಗುವಕ್ಕನನ್ನೇ ನೋಡಿದ. ಅವಳ ಕಿವಿ ಬಿಸಿಯಾಯಿತು.

ಮಧ್ಯಾಹ್ನ ಇಸ್ತ್ರಿ ಮೇಜಿನ ಹತ್ತಿರ ಹೋಗಿ, "ತಪ್ಪಾಯ್ತು ಕಣೇ" ಎಂದಳು.

ಗೆಳತಿ ದಿಂಬಿನ ಚೀಲದ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಲೇ ಇದ್ದಳು. "ನೀನಾದ್ರೂ ಏನು ಮಾಡ್ತೀಯ ಬಿಡು. ಆದ್ರೆ ಅಮ್ಮ ನರಳಿದಳು ಅಕ್ಕಾ. ತುಂಬಾ ನರಳಿದಳು. ನೀವೆಲ್ಲ ನನ್ನ ಬಾಯಿ ನೋಡ್ತಾ ನಿಂತಿದ್ರಲ್ಲ, ಸುಳ್ಳು ಬಂದುಬಿಡ್ತು. ಹೆತ್ತವಳ ಸಾವಿನ ಮೇಲೆ ಸುಳ್ಳು ಹೇಳಿದೆ."

ನೆಲ ಬಿರಿದು ನುಂಗಬಾರದೆ ಅನ್ನಿಸಿತು ನಗುವಕ್ಕನಿಗೆ.

ಮರುದಿನ ಎಲ್ಲರೆದುರೇ ಹೇಳಿದಳು: "ಸಾರ್, ಈ ಸಭೆ ಇನ್ನು ನನ್ನ ಕೈಲಾಗಲ್ಲ."

"ಯಾಕ್ರೀ, ನಿಮಗೂ ನೆಗೆಟಿವ್ ಗಾಳಿ ಬಡೀತಾ?" ಎಂದು ಮ್ಯಾನೇಜರ್ ನಕ್ಕ. ಅವನು ನಕ್ಕರೆ ಎಲ್ಲರೂ ನಗುವುದು ರೂಢಿ, ನಕ್ಕರು. ಹಲ್ಲು ಕಚ್ಚಿ ನಿಲ್ಲಬೇಕಿದ್ದ ನಗುವಕ್ಕನೂ ನಕ್ಕುಬಿಟ್ಟಳು. ಹಿಂದಿನ ದಿನದ ನಾಚಿಕೆಯ ಮೇಲೆ ಇದೊಂದು ಹೊಸದು. ಸಭೆ ಬಿಡುವ ನಿಜವಾದ ಕಾರಣ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಸೂಪರ್‌ವೈಸರ್ ಕೆಲಸ ಬೇರೆಯವಳಿಗೆ ಹೋಯಿತು. ನಗುವಕ್ಕ ಮತ್ತೆ ಒಗೆಯುವ ಯಂತ್ರದ ಮುಂದೆ ನಿಂತಳು. ಅದರ ಬಗ್ಗೆ ಅವಳಿಗೆ ಬೇಸರವಿಲ್ಲ.

ಗೆಳತಿ ಈಗಲೂ ಪಕ್ಕದಲ್ಲೇ ಊಟಕ್ಕೆ ಕೂರುತ್ತಾಳೆ. ಆದರೆ "ಮನೇಲಿ ಹೇಗಿದ್ದಾರೇ?" ಎಂದರೆ ಒಂದು ಗಳಿಗೆ ಯೋಚಿಸಿ, "ಎಲ್ಲಾ ಚೆನ್ನಾಗಿದ್ದಾರಕ್ಕಾ" ಅನ್ನುತ್ತಾಳೆ. "ನಿಜ ಹೇಳು" ಎಂದು ಕೇಳಲು ನಗುವಕ್ಕನಿಗೆ ಮುಖವಿಲ್ಲ.