ಚಂದ್ರಲೋಕಕ್ಕೆ ಹೊರಟ ರಾಗಿಹಿಟ್ಟು

ನೋಡಿ ಗೆಳೆಯರೇ, ಇವತ್ತಿನ ಟಪಾಲಿಗೆ ಹಾಕಬೇಕಿದ್ದ ನನ್ನ ಚಂದ್ರಲೋಕದ ಕತೆ ಇನ್ನೂ ಮೇಜಿನ ಮೇಲೇ ಬಿದ್ದಿದೆ. ಕಾರಣ ನಮ್ಮ ಹನೂರಿನ ದರ್ಜಿ ಮಾದೇವಣ್ಣ.

ಬೆಳಿಗ್ಗೆ ಅವನ ಅಂಗಡಿಯಲ್ಲಿ ಕೂತು, ಟೆಂಟಿನಲ್ಲಿ ಓಡುತ್ತಿರುವ ಹಾರುವ ಹೀರೋನ ಸಿನಿಮಾವನ್ನು ಚೆನ್ನಾಗಿ ಬೈದೆ. "ರೆಕ್ಕೆಯಿಲ್ಲದೆ ಮನುಷ್ಯ ಹಾರೋದು ಶುದ್ಧ ಸುಳ್ಳು. ನನ್ನ ಕತೇಲಿ ಎಲ್ಲಕ್ಕೂ ವಿಜ್ಞಾನದ ಆಧಾರ ಇದೆ" ಎಂದೆ.

"ಅಂಗಾದ್ರೆ ಮೇಷ್ಟ್ರೇ, ಚಂದ್ರನ್ ತಾವ್ಕೆ ಓಗೋರು ದಾರೀಲಿ ಏನ್ ಉಣ್ತಾರೆ?"

"ಮಾತ್ರೆ ನುಂಗ್ತಾರೆ."

ಮಾದೇವಣ್ಣ ಹೊಲಿಯುವುದನ್ನೇ ನಿಲ್ಲಿಸಿದ. "ಮುದ್ದೆ ಇಲ್ವಾ? ಗಾಳೀಲಿ ಆರಾಡೋದ್ನಾದ್ರೂ ನಂಬ್ಬೋದು ಸಾ, ಮುದ್ದೆ ಉಣ್ದೆ ಅಷ್ಟ್ ದೂರ ಓಗೋದ್ನ ಎಂಗ್ ನಂಬೋದು?"

ಅಂಗಡಿಯಲ್ಲಿದ್ದವರೆಲ್ಲ ಅವನ ಕಡೆಗೇ.

ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಕತೆಯ ರಾಕೆಟ್ಟಿಗೆ ರಾಗಿಹಿಟ್ಟು ಹತ್ತಿಸಿದೆ, ಒಲೆಯನ್ನೂ ಇಟ್ಟೆ. ಆದರೆ ತೂಕವೇ ಇಲ್ಲದ ಆಕಾಶದಲ್ಲಿ ಮುದ್ದೆ ತಿರುವಲು ಹೋದರೆ ಪಾತ್ರೆಯ ಜೊತೆಗೆ ತಿರುವುವವನೂ ಗಿರಗಿರ ಸುತ್ತುತ್ತಾನಲ್ಲ! ಅಷ್ಟರಲ್ಲಿ ಟಪಾಲು ಹೊರಟೇ ಹೋಯಿತು.

ಈಗ ಆ ಪಾತ್ರೆಯನ್ನು ಅದುಮಿ ಹಿಡಿಯಲು ಸಿನಿಮಾದ ಹಾರುವ ಹೀರೋನನ್ನೇ ಕರೆಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಮಾದೇವಣ್ಣನಿಗೆ ಮಾತ್ರ ಹೇಳಬೇಡಿ.