ಕೆಂಚ ತಲೆಯಿಟ್ಟು ಮಲಗಿದ ಜಾಗ

ಆಯುಷ್ಯದ ಬಹುಪಾಲು ಖಾಸಗಿ ಬಸ್ಸು ಓಡಿಸಿದವನು ನಾನು. ರಾತ್ರಿ ಪಾಳಿಯ ಡ್ರೈವರುಗಳು ಹೇಳುವ ಬಿಳಿ ಸೀರೆಯ ಹೆಂಗಸಿನ ಕಥೆಗಳನ್ನು ಕೇಳಿ ನಕ್ಕವನು. ಅವಳು ಕೈ ಅಡ್ಡ ಹಾಕಿದರೆ ಟಿಕೆಟ್ ಕೊಟ್ಟು ಹತ್ತಿಸಿಕೊಳ್ಳಿ, ಮಾಲೀಕರಿಗಾದರೂ ಲಾಭವಾಗಲಿ ಎನ್ನುತ್ತಿದ್ದೆ. ಹಾಗಾಗಿ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿದೆ. ಹೆಂಡತಿ ಗಿರಿಜೆ, ನಾನು, ನಮ್ಮ ನಾಯಿ ಕೆಂಚ, ಮೂವರಿಗೂ ಅದೇ ತಿರುಗಾಡುವ ಮನೆ. ಜನ ಕಾಶಿ ರಾಮೇಶ್ವರಕ್ಕೆ ಹೋದರೆ ನಾವು ಹೊನ್ನಾಳಿಗೆ ಹೋಗುತ್ತಿದ್ದೆವು. ಹೊಳೆದಂಡೆಯಲ್ಲಿ ಅವಳು ಬಟ್ಟೆ ಒಗೆಯುವಾಗ ನಾನು ಅನ್ನಕ್ಕೆ ಇಡುತ್ತಿದ್ದೆ. ನ್ಯಾಮತಿಯಲ್ಲಿ ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಅಗ್ಗದ ತರಕಾರಿ ತಂದು, ಯುದ್ಧ ಗೆದ್ದವಳ ಹಾಗೆ ಚೀಲ ಇಳಿಸುವಳು. ಜಗಳೂರಿನ ಬಯಲಲ್ಲಿ ಬೆಳಗಿನ ಚಳಿಗೆ ಒಂದೇ ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದೆವು. ಅಂಥ ಸುಖವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ಗಾಡಿ ರಿವರ್ಸ್ ತೆಗೆಯುವಾಗ ಗಿರಿಜೆ ಕೆಳಗಿಳಿದು, ಹಿಂದಿನ ಎಡಮೂಲೆಯಲ್ಲಿ ನಿಂತು ತಗಡಿಗೆ ಕೈಯಿಂದ ಬಡಿಯುತ್ತಿದ್ದಳು. ಬಸ್ಸಿನ ಗಂಟೆಯ ಲೆಕ್ಕವೇ. ಎರಡು ಬಡಿತಕ್ಕೆ ಬರಬಹುದು, ಒಂದಕ್ಕೆ ನಿಲ್ಲಬೇಕು. ಬಸ್ಸನ್ನೇ ಓಡಿಸಿದವನಿಗೆ ಇದೆಲ್ಲ ಯಾಕೆ ಎಂದು ನಾನು ರೇಗಿದರೆ, "ಮುಂದೆ ನೋಡಾಕೆ ನೀವು ಹುಷಾರಿದೀರಿ. ಹಿಂದೆ ನೋಡಾಕೆ ನಾನೇ ಬೇಕು" ಎನ್ನುವಳು. ಗಾಡಿ ನಿಂತ ಕೂಡಲೇ ಕೆಂಚ ಜಿಗಿದು ಹೋಗಿ, ಅವಳ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿದ್ದ. ಒಲೆಯ ಮೇಲೆ ಅನ್ನ ಸೀದರೂ ಸರಿ, ಅವನಾಗಿ ಏಳುವವರೆಗೆ ಅವಳು ಕಾಲು ಕದಲಿಸುತ್ತಿರಲಿಲ್ಲ.

ಗಿರಿಜೆ ಹೃದಯಾಘಾತದಿಂದ ತೀರಿಕೊಂಡಾಗ, ಹೆಣದ ಹತ್ತಿರ ನಾಯಿ ಸುಳಿಯಬಾರದೆಂದು ನೆಂಟರು ಕೆಂಚನನ್ನು ಪಕ್ಕದ ಬೀದಿಯಲ್ಲಿ ಕಟ್ಟಿಹಾಕಿದರು. ಎಲ್ಲ ಮುಗಿದ ಮೇಲೆ ಬಿಟ್ಟರು. ಅವನ ಪಾಲಿಗೆ ಅವಳು ಎಲ್ಲಿಗೋ ಹೋಗಿದ್ದಾಳೆ, ಬರುತ್ತಾಳೆ. ಆಗಲೇ ಅವನಿಗೆ ಮುಪ್ಪು. ಕಿವಿ ಪೂರ್ತಿ ಕೇಳುತ್ತಿರಲಿಲ್ಲ, ಹಿಂಗಾಲು ಸೋತಿದ್ದವು, ಗಾಡಿಯಿಂದ ಎತ್ತಿ ಇಳಿಸಬೇಕಿತ್ತು. ಆದರೂ ದಿನವಿಡೀ ಟೆಂಪೊದ ಬಾಗಿಲಲ್ಲಿ ಕೂತು ದಾರಿ ಕಾಯುವನು. ಊಟವೂ ಅರೆಬರೆ. ನಾಯಿಗೆ ಸಾವಿನ ಸುದ್ದಿ ಹೇಳುವುದು ಹೇಗೆ? ನಮ್ಮ ಹಳೆಯ ಜಾಗಗಳನ್ನೆಲ್ಲ ತೋರಿಸಿದರೆ, ಅವಳು ಎಲ್ಲೂ ಇಲ್ಲವೆಂದು ತಿಳಿದು ಸುಮ್ಮನಾದಾನು ಎಂದು ಹೊರಟೆ. ಅವನು ಕಾಯುತ್ತಲೇ ಸಾಯಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ಜಗಳೂರಿನಲ್ಲಿ ಇಳಿಸಿದೆ. ಸುತ್ತೆಲ್ಲ ಮೂಸಿ ಮರಳಿ ಬಂದ. ಹೊನ್ನಾಳಿಯಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಹತ್ತಿರ ನಿಂತುಬಿಟ್ಟ. ನನಗೇ ಅಳು ತಡೆಯಲಾಗಲಿಲ್ಲ. ನ್ಯಾಮತಿಯಲ್ಲೂ ಅದೇ ಕಥೆ. ಸುಮ್ಮನಾಗುವ ಬದಲು ಅವನ ಚಡಪಡಿಕೆ ಹೆಚ್ಚಿತು. ಗಾಯಕ್ಕೆ ಉಪ್ಪು ಸವರಿದಂತಾಯಿತೇ ಎಂದು ನನಗೆ ದಿಗಿಲು.

ಉಳಿದದ್ದು ಚನ್ನಗಿರಿ ಕಡೆಯ ಸೂಳೆಕೆರೆ. ಬಸವಾಪಟ್ಟಣ ದಾಟಿ ಅಲ್ಲಿಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಸೆಕೆಯೆಂದು ಪಕ್ಕದ ಬಾಗಿಲು ತೆರೆದಿಟ್ಟು, ನಮ್ಮ ಎಂದಿನ ಜಾಗಕ್ಕೆ ರಿವರ್ಸ್ ಹಾಕಿದೆ. ಹಿಂದಿನಿಂದ ಎರಡು ಬಡಿತ ಕೇಳಿತು. ಹಳೆಯ ಅಭ್ಯಾಸ, ಯೋಚಿಸದೆ ಹಿಂದಕ್ಕೆ ಬಿಟ್ಟೆ. ಮತ್ತೆ ಎರಡು. ಆಮೇಲೆ ಒಂದೇ ಒಂದು, ಅಂಗೈ ಅಗಲಿಸಿ ಬಡಿದ ಸದ್ದು. ಬ್ರೇಕ್ ಒತ್ತಿದೆ. ಗಿರಿಜೆ ಇಲ್ಲವೆಂಬುದು ನೆನಪಾದದ್ದು ಗಾಡಿ ನಿಂತ ಮೇಲೆ.

ತಿರುಗಿ ನೋಡಿದರೆ, ಎತ್ತದೆ ಇಳಿಯಲಾಗದ ಕೆಂಚ ಒಳಗಿರಲಿಲ್ಲ. ಇಳಿದು ಹಿಂದೆ ಹೋದೆ. ಚಕ್ರದಿಂದ ಗೇಣು ದೂರದಲ್ಲಿ, ಯಾರೋ ಮಣ್ಣು ತೆಗೆದ ಹೊಸ ಗುಂಡಿ. ಎಡಮೂಲೆಯಲ್ಲಿ ಕೆಂಚ ಮಲಗಿದ್ದ. ಎಮ್ಮೆ ಮೈ ತೊಳೆಯುತ್ತಿದ್ದವರೊಬ್ಬರು ಮೇಲೆ ಬಂದರು. ಗಾಡಿಗೆ ಬಡಿದವರು ಯಾರೆಂದು ಕೇಳಿದೆ.

"ಯಾರೂ ಬಂದಿಲ್ರೀ. ನಾನು ಆಗ್ಲಿಂದ ಇಲ್ಲೇ ಇದೀನಿ" ಎಂದವರು, ಕೆಂಚನನ್ನೇ ನೋಡುತ್ತ ದನಿ ತಗ್ಗಿಸಿದರು. "ನಿಮ್ಮ ನಾಯಿ ಯಾಕ್ರೀ ಹಿಂಗೆ ಮಲಗೈತೆ? ಗಲ್ಲ ನೆಲಕ್ಕೆ ತಾಗೇ ಇಲ್ಲ."

ನಿಜ. ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದ. ಗಲ್ಲ ಮಾತ್ರ ನೆಲದಿಂದ ಒಂದು ಪಾದದ ದಪ್ಪದಷ್ಟು ಎತ್ತರದಲ್ಲಿ, ಏನೋ ಆಸರೆಯ ಮೇಲಿದ್ದಂತೆ ನಿಂತಿತ್ತು. ನೀರು ಕುಡಿಯುವಾಗಲೂ ಕತ್ತು ನಿಲ್ಲದ ಮುದಿ ನಾಯಿ ಅದು. ಬಾಲ ಮೆಲ್ಲಗೆ ಆಡುತ್ತಿತ್ತು. ನಾವಿಬ್ಬರೂ ಹತ್ತಿರ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಅವನಾಗಿಯೇ ಎದ್ದು, ನನ್ನ ಬಳಿ ಬಂದು, ಹಾಕಿದ್ದನ್ನೆಲ್ಲ ತಿಂದ. ಆಮೇಲೆ ಬಾಗಿಲಲ್ಲಿ ಕೂತು ಕಾದದ್ದನ್ನು ನಾನು ಕಾಣೆ. ಕೆಲವು ವಾರಗಳಲ್ಲಿ ನಿದ್ದೆಯಲ್ಲೇ ಹೋದ.

ಬಡಿತಕ್ಕೆ ಕಾರಣ ನಾನೇ ಹುಡುಕಿದ್ದೇನೆ. ಗಾಡಿಯ ಹಿಂದೆ ತೂಗುಹಾಕಿದ ಬಕೆಟ್ಟು ಅಲುಗಿರಬಹುದು. ಆದರೆ ಆ ಗಲ್ಲದ ಕೆಳಗೆ ಏನಿತ್ತು ಎಂಬುದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಉತ್ತರ ಸಿಗದಿದ್ದರೂ ಚಿಂತೆಯಿಲ್ಲ, ಒಂದು ಕೊರಗು ಮಾತ್ರ ಹೋಗಿಲ್ಲ. ಅಷ್ಟು ಹೊತ್ತು ನಾಲ್ಕು ಮಾರು ದೂರದಲ್ಲಿ ಸುಮ್ಮನೆ ನಿಂತಿದ್ದೆ. ಗಿರಿಜಾ, ಊಟ ಆಯ್ತಾ ಎಂದಾದರೂ ಕೇಳಬಹುದಿತ್ತು.